ತುಂಬಿದ ಕೊಡ ತುಳುಕದು: ಸೈಕಲ್ಲಿನ ಮೇಲೆ ಹೋದ ಹಾಲಿನ ಕಥೆ



"ತುಂಬಿದ ಕೊಡ ತುಳುಕುವದಿಲ್ಲ" ಎಂಬ ಗಾದೆ ನಮಗೆಲ್ಲ ಗೊತ್ತು. ತಿಳಿದವನು ಬಡಾಯಿ ಕೊಚ್ಚುವದಿಲ್ಲ ಎಂದು ಅದರ ಅರ್ಥ ಹೇಳುತ್ತೇವೆ. ಆದರೆ ಈ ಮಾತನ್ನು ಮೊದಲು ಆಡಿದವರು ಪಂಡಿತರಲ್ಲ, ತಲೆಯ ಮೇಲೆ ಸಿಂಬಿ ಇಟ್ಟು ನೀರು ಹೊತ್ತ ಹೆಣ್ಣುಮಕ್ಕಳೇ ಇರಬೇಕು. ಅದರಲ್ಲಿ ನೀತಿಯಷ್ಟೇ ಅಲ್ಲ, ಲೆಕ್ಕವೂ ಇದೆ. ಆ ಲೆಕ್ಕ ಹಾಲು ಮಾರುವ ಮನೆಯ ಗಂಟಿಗೆ ಹೇಗೆ ಸಂಬಂಧಿಸಿದೆ ಎಂಬುದನ್ನು ಇಂದು ನೋಡೋಣ.

ಸಾರವಾಡದ ಕಡೆಯ ಸೀಮೆಯನ್ನೇ ತೆಗೆದುಕೊಳ್ಳಿರಿ. ಅದು ಡೋಣಿ ದಂಡೆಯ ಎರೆ ಭೂಮಿ. "ಡೋಣಿ ಬೆಳೆದರೆ ಓಣೆಲ್ಲ ಜೋಳ" ಎಂದು ಹಿರಿಯರು ಅಂದದ್ದು ಸುಳ್ಳಲ್ಲ. ಜೋಳವಾದರೆ ಕಣಕಿ, ಕಣಕಿಯಾದರೆ ಎಮ್ಮೆಗೆ ಮೇವು, ಎಮ್ಮೆ ಇದ್ದರೆ ಹಾಲು. ಜೋಳದ ರೊಕ್ಕ ವರ್ಷಕ್ಕೊಮ್ಮೆ ಬರುವದು, ಅದೂ ಮಳೆ ಆದರೆ. ಹಾಲಿನ ರೊಕ್ಕ ಮಾತ್ರ ಮೇಲಿಂದ ಮೇಲೆ ಕೈಗೆ ಬರುವದು. ಉಪ್ಪು, ಎಣ್ಣೆ, ಮಕ್ಕಳ ಪಾಟಿ ಪುಸ್ತಕ ಇವೆಲ್ಲ ನಡೆಯುವದು ಅದರ ಮೇಲೆಯೇ.

ಆದರೆ ಹಾಲು ದಾರಿಗೆ ತಾಳುವ ಪದಾರ್ಥವಲ್ಲ. ಹಿಂದಕ್ಕೆ ದೂರದ ಊರಿನ ಹಾಲು ಮೊಸರಾಗಿ, ಬೆಣ್ಣೆಯಾಗಿ, ತುಪ್ಪವಾಗಿ ಪೇಟೆ ಕಂಡಿತೇ ಹೊರತು ಹಾಲಾಗಿ ಕಾಣಲಿಲ್ಲ. ಹೊರೆ ಹೊತ್ತವನು ತಾಸಿಗೆ ನಾಲ್ಕು ಕಿಲೋಮೀಟರ್ ನಡೆದಾನು. ಸೈಕಲ್ ತುಳಿಯುವವನು ಹನ್ನೆರಡು ಹೋದಾನು. ಹೀಗೆ ಮೂರು ಪಟ್ಟು ದೂರದ ಊರಿನ ಹಸಿ ಹಾಲಿಗೆ ಪೇಟೆಯ ಬಾಗಿಲು ತೆರೆದದ್ದು ಈ ಎರಡು ಗಾಲಿಯ ಗಾಡಿ.

ಈ ಗಾಡಿ ಹುಟ್ಟಿದ ಬಗೆ ಕೇಳಿರಿ. 1815ರಲ್ಲಿ ಇಂಡೋನೇಷ್ಯದ ತಂಬೋರಾ ಎಂಬ ಬೆಂಕಿಯ ಬೆಟ್ಟ ಸಿಡಿಯಿತು. ಅದರ ಬೂದಿ ಮುಗಿಲಿಗೆ ಕವಿದು 1816ರಲ್ಲಿ ಯುರೋಪಿನಲ್ಲಿ ಬೆಳೆ ಕೆಟ್ಟು, ಕುದುರೆಗೂ ಕಾಳು ತುಟ್ಟಿಯಾಯಿತು. ಮರು ವರ್ಷ, ಅಂದರೆ 1817ರಲ್ಲಿ, ಜರ್ಮನಿಯ ಕಾರ್ಲ್ ಡ್ರೈಸ್ ಎಂಬವರು ಕಟ್ಟಿಗೆಯ ಎರಡು ಗಾಲಿಯ ಗಾಡಿ ಮಾಡಿ, ಕಾಲಿನಿಂದ ನೆಲ ಒದೆಯುತ್ತ ಓಡಿಸಿದರು. ಕುದುರೆಯ ಮೇವಿನ ಬರವೇ ಇದಕ್ಕೆ ಕಾರಣವೆಂದು ಕೆಲವರ ಅಭಿಪ್ರಾಯ. 1885ರಲ್ಲಿ ಇಂಗ್ಲೆಂಡಿನ ಜಾನ್ ಕೆಂಪ್ ಸ್ಟಾರ್ಲಿಯವರು ಹಿಂದಿನ ಗಾಲಿಗೆ ಚೈನು ಹಾಕಿ, ಎರಡೂ ಗಾಲಿ ಹೆಚ್ಚುಕಡಿಮೆ ಸಮವಾಗಿದ್ದ ಸೈಕಲ್ ತಂದರು. 1888ರಲ್ಲಿ ಬೆಲ್‌ಫಾಸ್ಟಿನ ಡನ್‌ಲಪ್ ಎಂಬ ದನದ ಡಾಕ್ಟರರು ಗಾಳಿ ತುಂಬಿದ ಟಾಯರ್ ಮಾಡಿದರು. ನಮ್ಮ ಹಾಲಿಗೆ ಮುಖ್ಯವಾದದ್ದು ಈ ಗಾಳಿಯ ಟಾಯರೇ. ಕಬ್ಬಿಣದ ಹಳಿಯ ಗಾಲಿಯ ಮೇಲೆ ಹಾಲು ಇಟ್ಟರೆ ದಾರಿಯಲ್ಲೇ ಮಜ್ಜಿಗೆ ಕಡೆದಂತಾದೀತು!

ನಮ್ಮ ದೇಶದಲ್ಲಿ ಮೊದಲು ವಿಲಾಯತಿ ಸೈಕಲ್ಲುಗಳು ಬಂದವು. ಅವು ಉಳ್ಳವರ ಸೊತ್ತಾಗಿದ್ದವು. ಸ್ವಾತಂತ್ರ್ಯ ಬಂದ ಮೇಲೆ 1949ರಲ್ಲಿ ಮದ್ರಾಸಿನ ಟಿ.ಐ., 1951ರಲ್ಲಿ ಸೋನಿಪತದ ಅಟ್ಲಾಸ್, 1956ರಲ್ಲಿ ಲುಧಿಯಾನಾದ ಹೀರೋ ಹೀಗೆ ಇಲ್ಲಿಯೇ ಕಾರಖಾನೆಗಳಾದವು. ಆಗ ಸೈಕಲ್ ಒಕ್ಕಲಿಗನ ಅಂಗಳಕ್ಕೂ ಬಂದಿತು. ಹಿಂದಿನ ಕ್ಯಾರಿಯರಿನ ಎರಡೂ ಮಗ್ಗುಲಿಗೆ ಕ್ಯಾನು ತೂಗಿದವು.

ಇಲ್ಲಿಂದ ತುಳುಕುವ ತಕರಾರು ಶುರುವಾಯಿತು ನೋಡ್ರಿ. ದಿನಕ್ಕೆ ಅರ್ಧ ಲೀಟರ್ ಚೆಲ್ಲಿದರೆ ತಿಂಗಳಿಗೆ 15 ಲೀಟರ್ ಮಣ್ಣುಪಾಲು. ಆ ಕೊರತೆ ತುಂಬಲು ನೀರು ಸೇರಿಸುವ ಮನಸ್ಸು ಬಂದರೆ ಹಾಲಿನ ಸಂಗಡ ಹೆಸರೂ ಹೋಗುವದು.

"ಏನ್ರೀ, ನಾ ಸಾವಕಾಶ ತುಳದರೂ ಹಾಲು ತುಳಕತೈತಲ್ಲ, ಯಾಕ?" ಎಂದು ಯಾರಾದರೂ ಕೇಳಬಹುದು. ಪ್ರಶ್ನೆ ಸರಿಯಾಗಿದೆ. ಜೋಕಾಲಿಗೆ ತನ್ನದೇ ಒಂದು ಓಲಾಟವಿದೆ, ಹೌದಲ್ಲ? ಆ ಓಲಾಟಕ್ಕೆ ಸರಿಯಾಗಿ ಸಣ್ಣಗೆ ನೂಕಿದರೂ ಅದು ಮುಗಿಲಿಗೇರುವದು. ಪಾತ್ರೆಯೊಳಗಿನ ಹಾಲೂ ಹಾಗೆಯೇ. ಒಂದು ಅಡಿ ಅಗಲದ ಪಾತ್ರೆಯಲ್ಲಿ ಅರ್ಧಮಟ್ಟ ಹಾಲಿದ್ದರೆ ಅದು ನಿಮಿಷಕ್ಕೆ ಸುಮಾರು 100 ಸಲ ಅತ್ತಿತ್ತ ಓಲುವದು. ಹೊರೆ ಹೇರಿದ ಸೈಕಲ್ಲನ್ನು ಸಾವಕಾಶ ತುಳಿದರೆ ಎರಡೂ ಕಾಲಿನ ತುಳಿತ ಸೇರಿ ನಿಮಿಷಕ್ಕೆ ಹೆಚ್ಚುಕಡಿಮೆ 100! ಎರಡೂ ತಾಳ ಕೂಡಿದವೆಂದರೆ ಹಾಲು ಹೊರಗೆ. 2012ರಲ್ಲಿ ಅಮೇರಿಕೆಯ ಕ್ಯಾಲಿಫೋರ್ನಿಯದ ವಿಜ್ಞಾನಿಗಳು ಕಾಫಿ ಕಪ್ಪು ಹಿಡಿದು ನಡೆಯುವವರನ್ನು ಪರೀಕ್ಷಿಸಿ ಇಂಥದನ್ನೇ ಕಂಡರು.

ನಮ್ಮ ಹಿರಿಯರಿಗೆ ಈ ಪುಸ್ತಕದ ವಿದ್ಯೆ ಇರಲಿಲ್ಲ, ಉಪಾಯ ಇತ್ತು. ನೀರಿನ ಕೊಡದಲ್ಲಿ ಸೊಪ್ಪಿನ ಟೊಂಗೆ ಇಟ್ಟರು. ಯುರೋಪಿನ ನೀರು ಹೊರುವವರು ಬಕೀಟಿನಲ್ಲಿ ಕಟ್ಟಿಗೆಯ ಬಿಲ್ಲೆ ತೇಲಿಬಿಟ್ಟರು. ಹಾಲಿನವರು ಕ್ಯಾನಿನ ಬಾಯಿಗೆ ಹುಲ್ಲು ತುರುಕಿದರು. ಮೇಲೆ ತೇಲುವ ವಸ್ತು ತೆರೆಯ ಬಲವನ್ನು ತಿಂದುಹಾಕುವದು. ನೊರೆಯೂ ಇದೇ ಕೆಲಸ ಮಾಡುವದೆಂದು 2015ರಲ್ಲಿ ವಿಜ್ಞಾನಿಗಳು ತೋರಿಸಿಕೊಟ್ಟರು. ನಾಲ್ಕೈದು ಪದರು ಗುಳ್ಳೆ ಇದ್ದರೂ ಸಾಕಂತೆ.

ಹಾಗಾದರೆ ಹುಲ್ಲು ತುರುಕಿದರಾಯಿತೇ? ಇಲ್ಲ, ಇಲ್ಲಿಯೇ ಎಚ್ಚರ ಬೇಕು. ಹುಲ್ಲಿನಲ್ಲಿ ಮಣ್ಣಿದೆ, ಹುಡಿಯಿದೆ, ಕಣ್ಣಿಗೆ ಕಾಣದ ಜೀವಾಣುಗಳಿವೆ. ವಿಜಯಪುರದ ಬೇಸಿಗೆಯ ಬಿಸಿಲು 40 ಡಿಗ್ರಿ ದಾಟುವದು. ಆ ಸೆಕೆಯಲ್ಲಿ ಜೀವಾಣು ಬೇಗ ಬೆಳೆದು ಹಾಲು ಹುಳಿಯಾಗುವದು, ಇಲ್ಲವೆ ಕುಡಿದ ಕೂಸಿನ ಹೊಟ್ಟೆ ಕೆಡುವದು. ಹುಲ್ಲಿನಿಂದ ಅರ್ಧ ಲೀಟರ್ ಉಳಿಸಲು ಹೋಗಿ ಕ್ಯಾನೆಲ್ಲ ಕೆಡಿಸಿಕೊಂಡ ಹಾಗೆ.

ಹುಲ್ಲಿನ ಕೆಲಸವನ್ನು ಕ್ಯಾನಿನ ಆಕಾರವೇ ಮಾಡಬಲ್ಲದು. ಹೊಟ್ಟೆ ದಪ್ಪ, ಕುತ್ತಿಗೆ ಸಣ್ಣ ಇರುವ ಕ್ಯಾನನ್ನು ಕುತ್ತಿಗೆಯ ಮಟ್ಟಕ್ಕೆ ತುಂಬಿದರೆ ಹಾಲಿಗೆ ಓಲಾಡಲು ಜಾಗವೇ ಉಳಿಯುವದಿಲ್ಲ. ಗಾದೆ ನಿಜವಾಗುವದು ಇಲ್ಲಿಯೇ! ಅರ್ಧ ತುಂಬಿದ ದೊಡ್ಡ ಕ್ಯಾನಿಗಿಂತ ಪೂರಾ ತುಂಬಿದ ಸಣ್ಣ ಕ್ಯಾನು ಲೇಸು. ಅರ್ಧ ಕ್ಯಾನಿನ ಎಮ್ಮೆ ಹಾಲು ದಾರಿಯುದ್ದಕ್ಕೂ ಕುಲುಕಿ ಬೆಣ್ಣೆಯ ಕಣ ಕಟ್ಟಿದರೆ ಜಿಡ್ಡಿನ ಪರೀಕ್ಷೆಯಲ್ಲಿಯೂ ನಷ್ಟವಾದೀತು. ಮುಚ್ಚಳಕ್ಕೆ ತೊಳೆದ ರಬ್ಬರಿನ ಉಂಗುರ ಇರಲಿ. ಎರಡೂ ಮಗ್ಗುಲಿಗೆ ಸಮತೂಕ ಇರಲಿ, ಕ್ಯಾನು ಆದಷ್ಟು ಕೆಳಗೆ ತೂಗಲಿ, ಹಳೆಯ ಟ್ಯೂಬಿನ ಪಟ್ಟಿಯಿಂದ ಬಿಗಿಯಿರಿ. ಹಾಲು ಓಲಾಡಲು ಹತ್ತಿದರೆ ತುಳಿತದ ತಾಳ ಬದಲಿಸಿರಿ, ಚಕ್ಕಡಿಯ ಜಾಡು ಬಂದಲ್ಲಿ ಇಳಿದು ನೂಕಿರಿ. ಬೇಸಿಗೆಯಲ್ಲಿ ಹಸಿ ಗೋಣಿ ಸುತ್ತಿರಿ. ನೀರು ಆರುತ್ತ ಹಾಲನ್ನು ತಂಪಾಗಿಡುವದು. ಹೊಲಕ್ಕೆ ಮಜ್ಜಿಗೆ ಒಯ್ಯುವಾಗಲೂ ಇದೇ ಮಾತು. ನಮ್ಮ ತತ್ರಾಣಿಯ ಬಾಯಿ ಸಣ್ಣದಿರುವದು ಸುಮ್ಮನಲ್ಲ.

ಮುಂದೆ ದಾರಿಯೇ ಗಿಡ್ಡವಾಯಿತು. 1946ರಲ್ಲಿ ಗುಜರಾತಿನ ಖೇಡಾ ಜಿಲ್ಲೆಯ ರೈತರು ಹಾಲಿನ ಸಹಕಾರಿ ಸಂಘ ಕಟ್ಟಿದರು. 1970ರಲ್ಲಿ ಆ ಮಾದರಿ ದೇಶಕ್ಕೆಲ್ಲ ಹರಡತೊಡಗಿತು. ನಮ್ಮ ನಾಡಿನಲ್ಲಿ 1974ರಲ್ಲಿ ವಿಶ್ವಬ್ಯಾಂಕಿನ ನೆರವಿನಿಂದ ಹೈನು ಅಭಿವೃದ್ಧಿಯ ಕೆಲಸ ಶುರುವಾಗಿ, ಸಂಘವಿದ್ದ ಊರಿನಲ್ಲಿ ಹಾಲು ಊರಲ್ಲೇ ಅಳತೆಗೆ ಬಂದಿತು. ಈಗ ಮೋಟಾರ್ ಸೈಕಲ್ಲೂ ಬಂದಿದೆ. ಆದರೂ ಮನೆಯಿಂದ ಸಂಘದವರೆಗಿನ ದಾರಿ, ತೋಟದ ವಸ್ತಿಯಿಂದ ಊರಿನವರೆಗಿನ ದಾರಿ ಇದ್ದೇ ಇದೆ. ಗಾಡಿ ಯಾವುದಾದರೇನು, ಹಾಲಿನ ಓಲಾಟ ಅದೇ.

ನಸುಕಿನಲ್ಲೆದ್ದು ಎಮ್ಮೆ ಹಿಂಡಿದ ಮನೆಯಾಕೆಯ ದುಡಿತ ಆ ಕ್ಯಾನಿನಲ್ಲಿದೆ. ಅದು ದಾರಿಗೆ ಚೆಲ್ಲದ ಹಾಗೆ, ಕೊಳೆ ಸೇರದ ಹಾಗೆ ಮುಟ್ಟಿಸುವದು ನಮ್ಮ ಕೈಯಲ್ಲಿದೆ. ನಾಳೆ ಬೆಳಿಗ್ಗೆ ಕ್ಯಾನು ಕಟ್ಟುವಾಗ ಒಮ್ಮೆ ಮುಚ್ಚಳ ತೆಗೆದು ನೋಡಿರಿ: ತುಂಬಿದೆಯೇ, ಸ್ವಚ್ಛವಿದೆಯೇ ಎಂದು.