ಮುಂದಿನ ಸೀಟಿನ ಮೂರನೆಯವರು

ನಮ್ಮ ಮನೆಯ ಪ್ರೀಮಿಯರ್ ಪದ್ಮಿನಿಯ ಗೇರು ಇದ್ದದ್ದು ಸ್ಟಿಯರಿಂಗ್ ಚಕ್ರದ ಕೆಳಗೆ, ಎಡಬದಿಗೆ. ಇವತ್ತು ಡ್ರೈವಿಂಗ್ ಕಲಿಯುವ ಹುಡುಗರು ಅದನ್ನು ನೋಡಿದರೆ ವೈಪರ್ ಕಡ್ಡಿ ಅಂದುಕೊಂಡಾರು. ಮುಂದಿನ ಸೀಟು ಒಂದೇ ಉದ್ದನೆಯ ಬೆಂಚು. ಜಯನಗರದಿಂದ ಬನಶಂಕರಿ ಗುಡಿಗೆ ಹೊರಟರೆ ಅಪ್ಪ ಸ್ಟಿಯರಿಂಗ್ ಹಿಂದೆ, ಅಜ್ಜಿ ಕಿಟಕಿಯ ಪಕ್ಕ, ನಡುವೆ ನಾನು.

ಆ ನಡುವಿನ ಜಾಗ ಅಮೆರಿಕದಿಂದ ಬಂದದ್ದು. 1938ರಲ್ಲಿ ಕ್ಯಾಡಿಲಾಕ್ ಮತ್ತು ಪಾಂಟಿಯಾಕ್ ಕಾರುಗಳಲ್ಲಿ ಗೇರು ನೆಲ ಬಿಟ್ಟು ಸ್ಟಿಯರಿಂಗ್ ಕಂಬಕ್ಕೆ ಏರಿತು. ಕಾಲಿನ ಬಳಿ ಜಾಗ ಖಾಲಿಯಾಗಿ ಮುಂದೆ ಮೂವರು ಕೂರುವಂತಾಯಿತು. ಇಟಲಿಯ ಫಿಯೆಟ್ 1953ರ ತನ್ನ 1100 ಕಾರಿನಲ್ಲಿ ಅದನ್ನೇ ಅನುಸರಿಸಿತು. ಆ ಕಾರೇ ಮುಂಬಯಿಯ ಕುರ್ಲಾದಲ್ಲಿ ತಯಾರಾಗಿ, ಎಪ್ಪತ್ತರ ದಶಕದಲ್ಲಿ ಪದ್ಮಿನಿ ಎಂಬ ಹೆಸರು ಪಡೆಯಿತು.

ಕುರ್ಲಾ ಅಂದೆ. ಅದು ಬೆಂಗಳೂರು ಆಗಬಹುದಿತ್ತು. ವಿಶ್ವೇಶ್ವರಯ್ಯನವರು 1930ರ ದಶಕದ ನಡುವಿನಲ್ಲೇ ಯೂರೋಪು, ಅಮೆರಿಕ ಸುತ್ತಿ ಭಾರತಕ್ಕೊಂದು ಕಾರು ಕಾರ್ಖಾನೆಯ ಯೋಜನೆ ಬರೆದಿದ್ದರು. ವಾಲ್‌ಚಂದ್ ಹೀರಾಚಂದ್ ಬಂಡವಾಳ ಹೂಡಲು ಮುಂದಾದರು, ಮೈಸೂರು ಸರ್ಕಾರವೂ ಕೈಜೋಡಿಸಲು ಸಿದ್ಧವಿತ್ತು. ಬ್ರಿಟಿಷ್ ಸರ್ಕಾರ ಅಡ್ಡಬಂತು. ಅದೇ ವಾಲ್‌ಚಂದ್ 1940ರಲ್ಲಿ ಬೆಂಗಳೂರಿನಲ್ಲಿ ಕಟ್ಟಿದ್ದು ವಿಮಾನದ ಕಾರ್ಖಾನೆ, ಇಂದಿನ ಎಚ್‌ಎಎಲ್. ಕಾರಿಗೆಂದು 1944ರಲ್ಲಿ ಪ್ರೀಮಿಯರ್ ಆಟೋಮೊಬೈಲ್ಸ್ ಕಂಪನಿ ಮಾಡಿದಾಗ ಮೈಸೂರು ದೂರವಾಗಿತ್ತು. ವಿಮಾನ ಬಂತಲ್ಲ ಎಂದು ಸಮಾಧಾನ ಹೇಳುವವರಿದ್ದಾರೆ. ನನಗೇಕೋ ಕಾರು ಕೈತಪ್ಪಿದ ಹೊಟ್ಟೆಯುರಿ ಇನ್ನೂ ಹೋಗಿಲ್ಲ.

ತೊಂಬತ್ತರ ದಶಕದಲ್ಲಿ ಅಮ್ಮ ಡ್ರೈವಿಂಗ್ ಕಲಿತರು. ಕಲಿತದ್ದು ಮಾರುತಿ 800ರಲ್ಲಿ. 1983ರಲ್ಲಿ ಬಂದ ಆ ಪುಟ್ಟ ಕಾರಿನ ಗೇರು ನೆಲದಲ್ಲಿತ್ತು. ಲೈಸೆನ್ಸ್ ಕೈಗೆ ಬಂದ ವಾರವೇ ನಮ್ಮ ಪದ್ಮಿನಿ ತೆಗೆದರು. ಸೌತ್ ಎಂಡ್ ಸರ್ಕಲ್ಲಿನಲ್ಲಿ ಗೇರು ಸಿಕ್ಕಿಕೊಂಡಿತು. ಹಿಂದೆ ಬಸ್ಸಿನ ಹಾರನ್ನು. ಯಾರೋ ಇಳಿದು ಬಂದು ಕಾರನ್ನು ಬದಿಗೆ ತಳ್ಳಿದರು. ಆಮೇಲೆ ಎಷ್ಟೋ ತಿಂಗಳು ಅಮ್ಮ ಬೀಗದಕೈ ಮುಟ್ಟಲಿಲ್ಲ. "ಅಭ್ಯಾಸ ಇಲ್ಲ, ಅಷ್ಟೇ" ಅಂದರು ಅಪ್ಪ.

ಅಭ್ಯಾಸದ ಮಾತಾಗಿರಲಿಲ್ಲ. ಕಂಬದ ಗೇರಿನಿಂದ ಗೇರ್‌ಬಾಕ್ಸಿನವರೆಗೆ ಸರಳುಗಳು, ಕೀಲುಗಳು, ಬುಷ್‌ಗಳು. ಒಂದೊಂದೂ ಕೂದಲೆಳೆಯಷ್ಟು ಸವೆದರೂ ಮೇಲೆ ಹಿಡಿಕೆಯಲ್ಲಿ ಅದು ಒಂದು ಗೇಣು ಸಡಿಲ. ಇಪ್ಪತ್ತು ವರ್ಷ ಓಡಿಸಿದ ಅಪ್ಪನ ಕೈಗೆ ಆ ಸಡಿಲದ ಲೆಕ್ಕ ಗೊತ್ತಿತ್ತು. ಬೇರೆ ಯಾರಿಗೂ ಗೊತ್ತಾಗುವಂತಿರಲಿಲ್ಲ.

ಬಿಟಿಎಂ ಲೇಔಟಿನ ಮೇಸ್ತ್ರಿಯೊಬ್ಬರು ನೆಲದ ಗೇರು ಹಾಕಿಕೊಡುತ್ತೇನೆ ಅಂದರು. ಬೇಕಾದ ಸೆಟ್ಟನ್ನು ಜೆ.ಸಿ. ರಸ್ತೆಯಿಂದ ತಂದರು. ಬೆಂಚನ್ನು ಹೊರಗಿಟ್ಟು, ರಬ್ಬರ್ ಮ್ಯಾಟ್ ಕಿತ್ತು, ನೆಲದ ಉಬ್ಬಿನ ಮೇಲೆ ಸೀಮೆಸುಣ್ಣದಲ್ಲಿ ಗುಂಡಗೆ ಗೆರೆ ಹಾಕಿದರು. ಗೆರೆಯುದ್ದಕ್ಕೂ ತೂತು ಕೊರೆದು, ಉಳಿಯಿಂದ ಹೊಡೆದು ತಗಡು ತೆಗೆದರು. ಲಿವರನ್ನು ಬೋಲ್ಟ್ ಮಾಡಿ ಹೊಸ ಸರಳುಗಳನ್ನು ಗೇರ್‌ಬಾಕ್ಸಿನ ಹಳೆಯ ತೋಳುಗಳಿಗೇ ಜೋಡಿಸಿದರು. ನಾಜೂಕಿನ ಕೆಲಸ ಇನ್ನು ಮುಂದೆ. ಎಲ್ಲವೂ ನ್ಯೂಟ್ರಲ್‌ನಲ್ಲಿರುವಾಗ ಸರಳಿನ ಉದ್ದವನ್ನು ನಟ್ ತಿರುಗಿಸಿ ಹೊಂದಿಸಬೇಕು. ಸ್ವಲ್ಪ ತಪ್ಪಿದರೂ ಗೇರು ಪೂರ್ತಿ ಬೀಳದೆ ಓಡುವಾಗ ಜಾರುತ್ತದೆ. ಅದೊಂದಕ್ಕೇ ಅರ್ಧ ದಿನ ಹಿಡಿಯಿತು. ಕೊನೆಗೆ ಅಮ್ಮನಿಗೆ ಹೇಳಿದರು, "ಗೇರ್‌ಬಾಕ್ಸ್ ಹಳೇದೇ ಅಮ್ಮ. ಫಸ್ಟಿಗೆ ಹಾಕಬೇಕಾದರೆ ಗಾಡಿ ಪೂರ್ತಿ ನಿಲ್ಲಿಸಿ."

ಅಮೆರಿಕದ ಹುಡುಗರೂ ಇದೇ ಕೆಲಸ ಮಾಡಿಸುತ್ತಿದ್ದರು. ಜಾರ್ಜ್ ಹರ್ಸ್ಟ್ ಎಂಬಾತನ ನೆಲದ ಗೇರು ಎಷ್ಟು ಹೆಸರು ಮಾಡಿತೆಂದರೆ 1964ರ ಪಾಂಟಿಯಾಕ್ ಜಿಟಿಒ ಕಾರ್ಖಾನೆಯಿಂದಲೇ ಅದನ್ನು ಹಾಕಿಸಿಕೊಂಡು ಬಂತು. ಅವರಿಗೆ ರೇಸಿನ ಹುಚ್ಚು. ನಮ್ಮಮ್ಮನಿಗೆ ಸೌತ್ ಎಂಡ್ ಸರ್ಕಲ್ ದಾಟಿದರೆ ಸಾಕಿತ್ತು.

ದಾಟಿದರು. ಮೊದಲ ದಿನವೇ ಅಜ್ಜಿಯನ್ನು ಗುಡಿಗೆ ಕರೆದೊಯ್ದರು. ನಾನು ಎಂದಿನಂತೆ ನಡುವೆ ಹತ್ತಿದೆ. ಗೇರು ಮೊಣಕಾಲಿಗೆ ಬಡಿಯಿತು. "ಹಿಂದೆ ಹೋಗು ಮರಿ" ಅಂದರು ಅಮ್ಮ.

ಕಂಬದಿಂದ ಬಿಚ್ಚಿದ ಹಳೆಯ ಹಿಡಿಕೆ ಬಹಳ ಕಾಲ ಅಟ್ಟದ ಮೇಲಿತ್ತು, ಆಮೇಲೆ ಗುಜರಿಗೆ ಹೋಯಿತು. ಮೊನ್ನೆ ಕಾರು ನೋಡಲು ಬಂದ ಹಳೆ ಕಾರುಗಳ ಹುಚ್ಚಿನ ಹುಡುಗನೊಬ್ಬ ಮೊದಲು ಕೇಳಿದ್ದೇ ಅದನ್ನು. ಮೂಲದ ಗೇರು ಇದ್ದಿದ್ದರೆ ಹೆಚ್ಚು ಕೊಡುತ್ತಿದ್ದನಂತೆ. ನೆಲದ ತೂತನ್ನು ವೆಲ್ಡಿಂಗ್ ಮಾಡಿ ಮುಚ್ಚಿಸುತ್ತೇನೆ ಅಂದ. ಅಮ್ಮ ಕಾಫಿ ತಂದಿಟ್ಟು, ಕಾರು ಮಾರುವುದಿಲ್ಲ ಅಂದುಬಿಟ್ಟರು.