ವಿಟಮಿನ್ ಇ ಮಾತ್ರೆ: ಯಾರಿಗೆ ಬೇಕು, ಯಾರು ಹುಷಾರಾಗಿರಬೇಕು?

ಮೆಡಿಕಲ್ ಶಾಪ್‌ಗೆ ಹೋಗಿ ‘ಕೂದಲಿಗೆ ಹಚ್ಚೋ ಆ ಹಸಿರು ಮಾತ್ರೆ ಕೊಡಿ’ ಅಂದರೆ ಸಾಕು, ವಿಟಮಿನ್ ಇ ಸ್ಟ್ರಿಪ್ ಕೈಗೆ ಬರುತ್ತದೆ. ಚೀಟಿ ಕೇಳುವವರು ಕಡಿಮೆ. ಕೆಲವರು ಕೊಬ್ಬರಿ ಎಣ್ಣೆಗೆ ಬೆರೆಸಿ ತಲೆಗೆ ಹಚ್ಚುತ್ತಾರೆ, ಕೆಲವರು ಸುಸ್ತು, ಕಾಲು ಸೆಳೆತ ಅಂತ ದಿನಾ ನುಂಗುತ್ತಾರೆ. ‘ವಿಟಮಿನ್ ತಾನೇ, ಏನೂ ಆಗಲ್ಲ ಬಿಡಿ’ ಅನ್ನೋ ಮಾತು ಬೇರೆ. ಆದರೆ ರಕ್ತ ತೆಳುವಾಗಿಸುವ ಮಾತ್ರೆ ತಗೊಳ್ಳುವವರಿಗೆ ಇದು ಅಪಾಯ ತರಬಹುದು.

ಇದರ ಕೆಲಸವೇನು?
ವಿಟಮಿನ್ ಇ ಒಂದು ಆಂಟಿಆಕ್ಸಿಡೆಂಟ್. ಜೀವಕೋಶಗಳ ಹೊರಪದರದಲ್ಲಿರುವ ಕೊಬ್ಬು ಹಾಳಾಗದಂತೆ ಕಾಯುತ್ತದೆ. ಇದು ಕೊಬ್ಬಿನಲ್ಲಿ ಕರಗುವ ವಿಟಮಿನ್ ಆದ್ದರಿಂದ ದೇಹದಲ್ಲಿ ಶೇಖರವಾಗುತ್ತದೆ.

ಎಷ್ಟು ಬೇಕು?
ಅಮೆರಿಕದ ಶಿಫಾರಸಿನಂತೆ ವಯಸ್ಕರಿಗೆ ದಿನಕ್ಕೆ 15 ಮಿಲಿಗ್ರಾಂ ಸಾಕು. ಅಂಗಡಿಯಲ್ಲಿ ಸಿಗುವ 400 ಮಿ.ಗ್ರಾಂ. ಕೃತಕ ವಿಟಮಿನ್ ಇ ಮಾತ್ರೆಯಲ್ಲಿ ದೇಹ ಬಳಸಿಕೊಳ್ಳುವ ಅಂಶ ಸುಮಾರು 180 ಮಿ.ಗ್ರಾಂ. ಅಂದರೆ ಒಂದೇ ಮಾತ್ರೆಯಲ್ಲಿ 12 ದಿನದ ಪಾಲು! ಸೂರ್ಯಕಾಂತಿ ಎಣ್ಣೆ, ಕಡಲೆಕಾಯಿ, ಬಾದಾಮಿ, ಸೊಪ್ಪು ತಿನ್ನುವ ಆರೋಗ್ಯವಂತರಲ್ಲಿ ಇದರ ಕೊರತೆ ಅಪರೂಪ.

ವೈದ್ಯರು ಯಾವಾಗ ಬರೆಯುತ್ತಾರೆ?
ಕರುಳು ಕೊಬ್ಬನ್ನು ಹೀರಿಕೊಳ್ಳದಂಥ ಕಾಯಿಲೆ ಇದ್ದಾಗ ಕೊರತೆ ತುಂಬಲು ಕೊಡುತ್ತಾರೆ. ಸಕ್ಕರೆ ಕಾಯಿಲೆ ಇಲ್ಲದ, ಫ್ಯಾಟಿ ಲಿವರ್‌ನಿಂದ ಯಕೃತ್ತಿನಲ್ಲಿ ಉರಿಯೂತ ಆಗಿರುವ ಕೆಲವರಿಗೂ ಪರೀಕ್ಷೆ ಮಾಡಿಸಿ ಬರೆಯುವುದುಂಟು. ವಯಸ್ಸಾದವರ ಅಕ್ಷಿಪಟಲದ ಒಂದು ಕಾಯಿಲೆಗೆ ಸತು, ವಿಟಮಿನ್ ಸಿ ಜೊತೆ ಸೇರಿಸಿ ಕೊಡುತ್ತಾರೆ. ಸುಸ್ತಿಗೆ, ಕೂದಲು ಉದುರುವುದಕ್ಕೆ ಎಲ್ಲರೂ ನುಂಗಬೇಕು ಅನ್ನುವುದಕ್ಕೆ ಗಟ್ಟಿ ಆಧಾರವಿಲ್ಲ.

ಹೆಚ್ಚು ತಗೊಂಡರೆ?
ಕ್ಯಾನ್ಸರ್ ತಡೆಯಬಹುದೇ ಎಂದು ನೋಡಲು ಅಮೆರಿಕ, ಕೆನಡಾಗಳಲ್ಲಿ 35 ಸಾವಿರಕ್ಕೂ ಹೆಚ್ಚು ಪುರುಷರ ಮೇಲೆ ‘ಸೆಲೆಕ್ಟ್’ ಹೆಸರಿನ ಅಧ್ಯಯನ ನಡೆಯಿತು. ದಿನಕ್ಕೆ ಕೊಟ್ಟಿದ್ದು 400 ಯೂನಿಟ್, ಹೆಚ್ಚೂಕಡಿಮೆ ನಮ್ಮ 400ರ ಮಾತ್ರೆಯಷ್ಟೇ. 2011ರಲ್ಲಿ ಬಂದ ಫಲಿತಾಂಶ ಉಲ್ಟಾ ಆಗಿತ್ತು: ವಿಟಮಿನ್ ಇ ಮಾತ್ರ ತಗೊಂಡವರಲ್ಲಿ ಪ್ರಾಸ್ಟೇಟ್ ಕ್ಯಾನ್ಸರ್ ಶೇ 17ರಷ್ಟು ಹೆಚ್ಚಿತ್ತು. ಹೃದಯಾಘಾತ ತಡೆಯುತ್ತದೆ ಎಂಬ ನಂಬಿಕೆಯೂ ದೊಡ್ಡ ಅಧ್ಯಯನಗಳಲ್ಲಿ ನಿಲ್ಲಲಿಲ್ಲ.

ಇವರು ಕೇಳದೆ ನುಂಗಬಾರದು
* ವಾರ್ಫರಿನ್, ಕ್ಲೋಪಿಡೋಗ್ರೆಲ್, ಆಸ್ಪಿರಿನ್ ತಗೊಳ್ಳುವವರು. ಹೆಚ್ಚಿನ ಪ್ರಮಾಣದ ವಿಟಮಿನ್ ಇ ರಕ್ತ ಹೆಪ್ಪುಗಟ್ಟುವುದನ್ನು ತಡೆಯುತ್ತದೆ. ಎರಡೂ ಸೇರಿದರೆ ರಕ್ತಸ್ರಾವದ ಭಯ.
* ಆಪರೇಷನ್‌ಗೆ ದಿನ ಗೊತ್ತಾದವರು.
* ಕ್ಯಾನ್ಸರ್ ಚಿಕಿತ್ಸೆಯಲ್ಲಿರುವವರು.
* ಗರ್ಭಿಣಿಯರು.

ವಸಡಿನಲ್ಲಿ ರಕ್ತ, ಕಾರಣವಿಲ್ಲದೆ ಮೈಮೇಲೆ ನೀಲಿ ಕಲೆ, ಕಪ್ಪು ಮಲ ಕಂಡರೆ ತಕ್ಷಣ ಆಸ್ಪತ್ರೆಗೆ ಹೋಗಿ. ಆದರೆ ವೈದ್ಯರು ಕೊಟ್ಟ ಹೃದಯದ ಮಾತ್ರೆಯನ್ನು ನೀವೇ ನಿಲ್ಲಿಸಬೇಡಿ.

ಮುಖಕ್ಕೆ ಹಚ್ಚುವವರಿಗೆ
ಕೆಲವರಿಗೆ ತುರಿಕೆ, ಗುಳ್ಳೆ ಏಳುತ್ತದೆ. ಮೊದಲು ಮೊಳಕೈ ಒಳಭಾಗಕ್ಕೆ ಸ್ವಲ್ಪ ಹಚ್ಚಿ, ಒಂದೆರಡು ದಿನ ನೋಡಿ.

ಅಂಗಡಿಯವರ ಗಮನಕ್ಕೆ
ಆಹಾರ ಪೂರಕವಾಗಿ ಮಾರುವ ಡಬ್ಬಿಯ ಮೇಲೆ ಎಫ್‌ಎಸ್‌ಎಸ್‌ಎಐನ 14 ಅಂಕಿಯ ಲೈಸೆನ್ಸ್ ಸಂಖ್ಯೆ, ಔಷಧವಾಗಿ ಬಳಸುವಂತಿಲ್ಲ ಎಂಬ ಸೂಚನೆ ಇರಬೇಕು. ಇಲ್ಲದ ಮಾಲು ಇಳಿಸಿಕೊಳ್ಳಬೇಡಿ. ಸ್ಟ್ರಿಪ್ ಕೊಡುವ ಮುನ್ನ ‘ಹಚ್ಚೋಕಾ, ನುಂಗೋಕಾ? ರಕ್ತ ತೆಳು ಮಾಡೋ ಮಾತ್ರೆ ತಗೋತೀರಾ?’ ಎಂದು ಕೇಳಿ. ಅರ್ಧ ನಿಮಿಷದ ಮಾತು, ಒಬ್ಬರ ಜೀವ ಉಳಿಸಬಹುದು.