ತಿಯಾತ್ರ್ ರಂಗದಿಂದ ಬೆಳ್ಳಿತೆರೆಗೆ

ದೃಶ್ಯ ಮುಗಿದು ಪರದೆ ಬಿದ್ದೊಡನೆ ಅದರ ಮುಂದೆ ನಿಂತು, ಟ್ರಂಪೆಟ್ಟು ಡ್ರಮ್ಮಿನ ಜೊತೆ ಒಂದು ‘ಕಾಂತಾರ್’ ಹಾಡುವುದು: ಕೊಂಕಣಿ ತಿಯಾತ್ರ್‌ನ ಹಾಸ್ಯಗಾರರೂ ಹಾಡುಗಾರರೂ ಪಳಗಿದ್ದು ಹೀಗೆ. ಹಾಡಿಗೂ ಕಥೆಗೂ ಸಂಬಂಧ ಇರಲೇಬೇಕೆಂದಿಲ್ಲ; ಸಂಬಂಧವೇನೆಂದು ಜನ ಕೇಳುವುದೂ ಇಲ್ಲ!

1892ರಲ್ಲಿ ಮುಂಬಯಿಯಲ್ಲಿ ಹುಟ್ಟಿದ ಈ ರಂಗಪ್ರಕಾರದ ಕಲಾವಿದರಿಗೆ ತಮ್ಮದೇ ಭಾಷೆಯ ಸಿನಿಮಾ ಒದಗಿದ್ದು ತಡವಾಗಿ. ಸಂಗೀತಗಾರ ಫ್ರಾಂಕ್ ಫರ್ನಾಂಡ್ ನಿರ್ಮಿಸಿದ ‘ಆಮ್ಚೆಂ ನಶೀಬ್’ (1963) ಚಿತ್ರದಲ್ಲಿ ತಿಯಾತ್ರ್‌ನ ಸಿ. ಆಲ್ವಾರಿಸ್ ನಾಯಕರಾದರು, ಆಂಥನಿ ಮೆಂಡಿಸ್ ನಗಿಸಿದರು. ಫರ್ನಾಂಡ್ ಅವರದೇ ನಿರ್ಮಾಣದ ‘ನಿರ್ಮೊಣ್’ (1966) ಮರುವರ್ಷ ಹಿಂದಿಯಲ್ಲಿ ‘ತಕ್ದೀರ್’ ಆಯಿತು.

ಹಿಂದಿಯಲ್ಲಿ ಇನ್ನೂ ಮೊದಲು, 1951ರ ‘ಅಲ್ಬೇಲಾ’ ಚಿತ್ರದಲ್ಲಿ, ಗೋವಾದ ಅಲ್ಡೋಣ ಊರಿನ ಟ್ರಂಪೆಟ್ ವಾದಕ ಆಂಟೋನಿಯೊ ಜೇವಿಯರ್ ವಾಜ್ ಬ್ಯಾಂಡಿನ ಸಮೇತ ತೆರೆಗೆ ಬಂದಿದ್ದರು, ಫ್ರಿಲ್ಲಿನ ಲ್ಯಾಟಿನ್ ಅಂಗಿ ತೊಟ್ಟು. ಅವರನ್ನು ಎಲ್ಲರೂ ಕರೆಯುತ್ತಿದ್ದುದು ಚಿಕ್ ಚಾಕೊಲೇಟ್ ಎಂದೇ.